ಜುಬೈಲಿನಲ್ಲಿ ತಮ್ಮನನ್ನು ಹಿಡಿದಿದ್ದಾರೆ, ಊರಲ್ಲಿ ಕುಳಿತು ನಾವು ಏನು ಮಾಡಬಹುದು?

ಪ್ರಶ್ನೆ: ನನ್ನ ತಮ್ಮ ಆರು ವರ್ಷದಿಂದ ಸೌದಿಯ ಜುಬೈಲಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದಾನೆ. ಹನ್ನೆರಡು ದಿನದಿಂದ ಫೋನ್ ಸ್ವಿಚ್ ಆಫ್. ರೂಮಿನವರನ್ನು ಕೇಳಿದರೆ ‘ಪೊಲೀಸರು ಕರ್ಕೊಂಡು ಹೋದ್ರು’ ಅನ್ನುತ್ತಾರೆ. ಒಬ್ಬರು ಆಕ್ಸಿಡೆಂಟ್ ಕೇಸು ಅಂದರೆ ಇನ್ನೊಬ್ಬರು ಕಫೀಲ (ಅಲ್ಲಿ ಕೆಲಸ ಕೊಟ್ಟ ಮಾಲೀಕ) ಹುರೂಬ್ ಹಾಕಿದ್ದಾನೆ ಅನ್ನುತ್ತಾರೆ. ವೀಸಾ ಮಾಡಿಸಿಕೊಟ್ಟ ಏಜೆಂಟ್ ಎರಡು ಲಕ್ಷ ಕೊಟ್ಟರೆ ಹದಿನೈದು ದಿನದಲ್ಲಿ ಬಿಡಿಸುತ್ತೇನೆ ಎನ್ನುತ್ತಿದ್ದಾನೆ. ಉಡುಪಿಯಲ್ಲಿ ವಕೀಲರನ್ನು ನೋಡಬೇಕಾ? ಎಂಬೆಸಿಯವರು ಬಿಡಿಸುತ್ತಾರಾ? ಫೇಸ್‌ಬುಕ್ಕಿನಲ್ಲಿ ಹಾಕಿದರೆ ಪ್ರಯೋಜನ ಉಂಟಾ? ತಾಯಿಗೆ ಇನ್ನೂ ಹೇಳಿಲ್ಲ. (ಬೈಂದೂರು ಕಡೆಯ ಓದುಗ ಮಹಿಳೆ)

ಉತ್ತರ: ಮೊದಲು ಆ ಎರಡು ಲಕ್ಷದ ವಿಷಯ. ಕೊಡಬೇಡಿ. ನಿಮ್ಮ ತಮ್ಮನನ್ನು ಯಾರು ಹಿಡಿದಿದ್ದಾರೆ, ಯಾವ ಕಾರಣಕ್ಕೆ, ಈಗ ಎಲ್ಲಿದ್ದಾನೆ ಎಂಬುದು ನಿಮಗೂ ಗೊತ್ತಿಲ್ಲ, ರೂಮಿನವರಿಗೂ ಗೊತ್ತಿಲ್ಲ. ಏಜೆಂಟನಿಗೆ ಗೊತ್ತಿದ್ದರೆ ಕೇಸಿನ ನಂಬರು ಹೇಳಲಿ. ನಂಬರು ಹೇಳದೆ ದಿನದ ಲೆಕ್ಕ ಹೇಳುವವನು ಬಿಡಿಸುವವನಲ್ಲ. ತಪ್ಪೇ ಇಲ್ಲದೆ ಹದಿನೈದು ದಿನದಲ್ಲಿ ತಾನಾಗಿ ಬಿಡುಗಡೆಯಾದರೆ ‘ನಾನೇ ಬಿಡಿಸಿದ್ದು’ ಅನ್ನುತ್ತಾನೆ, ಆಗದಿದ್ದರೆ ‘ಅಲ್ಲಿ ಇನ್ನೂ ಒಂದು ಲಕ್ಷ ಕೇಳ್ತಿದ್ದಾರೆ’ ಅನ್ನುತ್ತಾನೆ. ಕರಾವಳಿಯ ಎಷ್ಟೋ ಮನೆಗಳ ಚಿನ್ನ ಹೀಗೆ ಬ್ಯಾಂಕಿನ ಲಾಕರಿನಿಂದ ಫೈನಾನ್ಸಿಗೆ ಹೋಗಿದೆ.

ವಕೀಲರು, ಹಣ, ಎಂಪಿ ಸಾಹೇಬರ ಪತ್ರ, ಎಲ್ಲವೂ ಆಮೇಲೆ. ಈಗ ಇರುವುದು ಒಂದೇ ಕೆಲಸ. ಆತ ಯಾರ ವಶದಲ್ಲಿದ್ದಾನೆ ಎಂದು ಪತ್ತೆ ಮಾಡುವುದು. ಸೌದಿಯಲ್ಲಿ ‘ಪೊಲೀಸರು ಹಿಡಿದರು’ ಎಂಬ ಒಂದೇ ಮಾತಿಗೆ ಮೂರು ಅರ್ಥ ಇರಬಹುದು. ಅಪಘಾತವಾದರೆ ಮುರೂರ್, ಅಂದರೆ ಟ್ರಾಫಿಕ್ ಇಲಾಖೆ. ಕಳವು, ಹೊಡೆದಾಟ, ಮದ್ಯ, ಮೊಬೈಲ್ ಪೋಸ್ಟು ಇಂಥದ್ದಾದರೆ ಶುರ್ತಾ ಎನ್ನುವ ಪೊಲೀಸ್ ಠಾಣೆ, ಅಲ್ಲಿಂದ ನಿಯಾಬಾ ಎನ್ನುವ ಪ್ರಾಸಿಕ್ಯೂಷನ್. ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿದಿದ್ದರೆ ಅಥವಾ ಕಫೀಲ ‘ಕೆಲಸ ಬಿಟ್ಟು ಓಡಿಹೋಗಿದ್ದಾನೆ’ ಎಂದು ಹುರೂಬ್ ದಾಖಲಿಸಿದ್ದರೆ ತರ್ಹೀಲ್, ಗಡಿಪಾರು ಕೇಂದ್ರ. ಒಂದು ಕಡೆ ಕೆಲಸಕ್ಕೆ ಬರುವ ಕಾಗದ ಇನ್ನೊಂದು ಕಡೆ ಬರುವುದಿಲ್ಲ. ತರ್ಹೀಲಿನಲ್ಲಿರುವವನಿಗೆ ವಕೀಲರಿಗಿಂತ ಪ್ರಯಾಣದ ದಾಖಲೆ ಮುಖ್ಯ. ನಿಯಾಬಾದಲ್ಲಿರುವವನಿಗೆ ವಕೀಲರೂ ದುಭಾಷಿಯೂ ಬೇಕು.

ಹುಡುಕಲು ಹೆಸರು ಸಾಕಾಗುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಏಕೆಂದರೆ ಹೆಚ್ಚಿನವರ ಮೊದಲ ಎರಡು ವಾರ ಇಲ್ಲೇ ಹಾಳಾಗುವುದು. ಅರಬಿಯಲ್ಲಿ ‘ಪ’ ಇಲ್ಲ. ಪ್ರಶಾಂತ ಪೂಜಾರಿ ಎಂಬವ ಅಲ್ಲಿನ ಇಕಾಮಾದಲ್ಲಿ ಬ್ರಶಾಂತ್ ಬೂಜಾರಿ. ನಮ್ಮ ‘ಳ’, ‘ಣ’ಗಳ ಕಥೆ ಕೇಳುವುದೇ ಬೇಡ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಮನೆಯ ಹೆಸರೋ ಸೇರಿದ್ದರೆ ಅದು ಇನ್ನೊಂದು ಗೊಂದಲ. ಜೈಲಿನ ಕಂಪ್ಯೂಟರಿನಲ್ಲಿ ‘ಆ ಹೆಸರಿನವರು ಇಲ್ಲ’ ಎಂಬ ಉತ್ತರ ಬಂದಿತೆಂದರೆ ಆತ ಅಲ್ಲಿ ಇಲ್ಲವೆಂದೇ ಅರ್ಥವಲ್ಲ. ಬೇಕಾಗಿರುವುದು ಇಕಾಮಾ ನಂಬರು: ಹತ್ತು ಅಂಕಿ, ವಿದೇಶಿಯರದ್ದು 2ರಿಂದ ಶುರುವಾಗುತ್ತದೆ. ಮನೆಯಲ್ಲಿ ಇಲ್ಲ ಅನ್ನಬೇಡಿ, ಹುಡುಕಿ. ಹಣ ಕಳಿಸಿದ ರಸೀದಿಯ ಫೋಟೋ ವಾಟ್ಸ್‌ಆ್ಯಪಿನಲ್ಲಿ ಎಲ್ಲೋ ಇರುತ್ತದೆ, ಅದರಲ್ಲಿ ಇರಬಹುದು. ರಜೆಯಲ್ಲಿ ಬಂದಾಗಿನ ರೀ-ಎಂಟ್ರಿ ಕಾಗದದಲ್ಲಿ, ಹೆಲ್ತ್ ಇನ್ಶೂರೆನ್ಸ್ ಕಾರ್ಡಿನಲ್ಲಿ, ಊರಿನ ಬ್ಯಾಂಕಿಗೆ ಎನ್‌ಆರ್‌ಐ ಖಾತೆಗೆಂದು ಕೊಟ್ಟ ಜೆರಾಕ್ಸಿನಲ್ಲಿ ಸಿಗುತ್ತದೆ.

ಸಿಕ್ಕಿದ್ದನ್ನೆಲ್ಲ ಒಂದೇ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ: ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು, ಪಾಸ್‌ಪೋರ್ಟ್ ನಂಬರು, ಇಕಾಮಾ ನಂಬರು, ಹುಟ್ಟಿದ ದಿನ, ಕಂಪನಿಯ ಹೆಸರು, ಕಫೀಲನ ಅಥವಾ ಸೂಪರ್‌ವೈಸರನ ಫೋನ್, ಕೊನೆಯ ಬಾರಿ ಮಾತನಾಡಿದ ದಿನ ಮತ್ತು ಗಂಟೆ, ಹಿಡಿದುಕೊಂಡು ಹೋದ ಜಾಗ, ಕಂಡವರ ನಂಬರು, ನಿತ್ಯ ತೆಗೆದುಕೊಳ್ಳುವ ಔಷಧಿ ಇದ್ದರೆ ಅದರ ಹೆಸರು. ಅಷ್ಟೇ. ‘ನಮ್ಮದು ಬಡ ಕುಟುಂಬ’ ಎಂದು ಶುರುವಾಗುವ ಎರಡು ಪುಟದ ಮನವಿ ಓದುವ ಅಧಿಕಾರಿ ಹುಡುಕುವುದೂ ಈ ನಂಬರುಗಳನ್ನೇ.

ಈ ಹಾಳೆ ಹೋಗಬೇಕಾದ್ದು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ಲಿಗೆ. 2015ರಿಂದ ಇದೆ, ಶುಲ್ಕ ಇಲ್ಲ, ಮೊಬೈಲಿನಲ್ಲೇ ಆಗುತ್ತದೆ. ದೇಶ ಸೌದಿ ಎಂದು ಆರಿಸಿ, ಕಚೇರಿ ರಿಯಾದ್ ರಾಯಭಾರ ಕಚೇರಿ. ಜುಬೈಲ್, ದಮ್ಮಾಮ್, ಖೋಬರ್ ಇರುವ ಪೂರ್ವ ಪ್ರಾಂತ್ಯ ರಿಯಾದಿನ ಕೆಳಗೆ ಬರುತ್ತದೆ. ಜಿದ್ದಾ ಕಾನ್ಸುಲೇಟ್ ನೋಡಿಕೊಳ್ಳುವುದು ಮಕ್ಕಾ, ಮದೀನಾ, ಅಸೀರ್, ಜೀಜಾನ್ ಕಡೆಯನ್ನು. ಅಲ್ಲಿಗೆ ಕಳಿಸಿದರೆ ವರ್ಗವಾಗಿ ಬರಲು ದಿನ ಹೋಗುತ್ತದೆ. ದೂರಿನ ಬಗೆ ಆರಿಸುವಲ್ಲಿ ಕೂಡ ಗಮನ ಇಡಿ. ಎಲ್ಲಿದ್ದಾನೆಂದೇ ಗೊತ್ತಿಲ್ಲದಿದ್ದರೆ ‘ಪತ್ತೆ ಇಲ್ಲ’, ಜೈಲು ಅಥವಾ ಠಾಣೆ ಖಚಿತವಾಗಿದ್ದರೆ ‘ವಿದೇಶದಲ್ಲಿ ಬಂಧನ’. ನಿಮ್ಮದು ಸದ್ಯಕ್ಕೆ ಮೊದಲನೆಯದು. ಅಕ್ಕ, ಭಾವ, ಚಿಕ್ಕಪ್ಪನ ಮಗ ಎಂದು ಮೂರು ಮಂದಿ ಮೂರು ದೂರು ಹಾಕಬೇಡಿ. ಒಬ್ಬರೇ ಹಾಕಿ, ಬಂದ ದೂರಿನ ನಂಬರನ್ನು ಮುಂದಿನ ಪ್ರತಿ ಪತ್ರದ ಮೇಲ್ಭಾಗದಲ್ಲಿ ಬರೆಯಿರಿ. ಎಂಪಿ ಕಚೇರಿಗೆ ಹೋಗುವಾಗಲೂ ಅದೇ ನಂಬರು. ಬರೇ ‘ನಮ್ಮ ಹುಡುಗನನ್ನು ಬಿಡಿಸಿ’ ಎಂದು ಎಂಪಿಯವರಿಂದ ಪತ್ರ ಬರೆಸಿದರೆ ಅದು ಸಚಿವಾಲಯದಲ್ಲಿ ಹೊಸ ಕಡತವಾಗುತ್ತದೆ, ನಂಬರು ಇದ್ದರೆ ಹಳೇ ಕಡತಕ್ಕೆ ವೇಗ ಬರುತ್ತದೆ.

ಬಾಯಿಮಾತಿಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ, 1800 11 3090, ಭಾರತದೊಳಗಿನಿಂದ ಉಚಿತ, ಹಗಲು ರಾತ್ರಿ. ರಾಯಭಾರ ಕಚೇರಿಗೆ ಫೋನ್ ಮಾಡುವುದಾದರೆ ಅಲ್ಲಿ ಶುಕ್ರವಾರ, ಶನಿವಾರ ರಜೆ, ಭಾನುವಾರ ಕೆಲಸದ ದಿನ. ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ನೀವು ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿ ಎತ್ತಲಿಲ್ಲ ಎಂದು ಬೇಜಾರು ಮಾಡಿಕೊಂಡರೆ ಅಲ್ಲಿ ಗಂಟೆ ಆರೂವರೆ.

ದೂರು ಹಾಕಿ ಎರಡು ಮೂರು ವಾರ ಕಳೆದರೂ ‘ಪ್ರಗತಿಯಲ್ಲಿದೆ’ ಎಂಬ ಒಂದೇ ಸಾಲು ಬರುತ್ತಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಆನ್‌ಲೈನಿನಲ್ಲಿ 10 ರೂಪಾಯಿ. ಸಾಮಾನ್ಯ ಅರ್ಜಿಗೆ ಉತ್ತರದ ಗಡು 30 ದಿನ, ಆದರೆ ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ ಕಾಯ್ದೆಯ 7(1)ರ ಪ್ರಕಾರ 48 ಗಂಟೆ. ಆ ಕಲಮನ್ನು ಅರ್ಜಿಯ ಮೊದಲ ಸಾಲಿನಲ್ಲೇ ಹಾಕಿ, ಎರಡೇ ಪ್ರಶ್ನೆ ಕೇಳಿ: ಸೌದಿ ಅಧಿಕಾರಿಗಳಿಗೆ ಯಾವ ದಿನ ಪತ್ರ ಬರೆದಿರಿ, ಅವರಿಂದ ಬಂದ ಉತ್ತರ ಏನು.

ಇನ್ನು ಎಂಬೆಸಿಯವರು ಬಿಡಿಸುತ್ತಾರಾ ಎಂಬ ಪ್ರಶ್ನೆ. ಬಿಡಿಸುವುದಿಲ್ಲ, ಬಿಡಿಸಲು ಆಗುವುದೂ ಇಲ್ಲ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಬಂಧಿತನಿಗೆ ತನ್ನ ದೇಶದ ಕಚೇರಿಗೆ ತಿಳಿಸಿ ಎಂದು ಕೇಳುವ ಹಕ್ಕು ಕೊಡುತ್ತದೆ, ಕಚೇರಿಯವರಿಗೆ ಭೇಟಿ ಮಾಡುವ, ವಕೀಲರನ್ನು ಗೊತ್ತುಪಡಿಸುವ ಹಕ್ಕು ಕೊಡುತ್ತದೆ. ಅಷ್ಟಕ್ಕೆ ಮುಗಿಯಿತು. ಆತ ಬಾಯಿ ಬಿಟ್ಟು ಕೇಳಿದರೆ ಮಾತ್ರ ತಿಳಿಸುವ ಕರ್ತವ್ಯ ಬರುವುದು. ಎಷ್ಟೋ ಹುಡುಗರು ‘ಊರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ’ ಎಂದು ಕೇಳುವುದೇ ಇಲ್ಲ. ಅದಕ್ಕೇ ನಿಮ್ಮ ಕಡೆಯ ಲಿಖಿತ ದೂರಿಗೆ ಇಷ್ಟು ಬೆಲೆ. ಸೌದಿಯ ಕ್ರಿಮಿನಲ್ ಕಾನೂನಿನಂತೆ ತನಿಖಾಧಿಕಾರಿ ಮೊದಲು ಐದು ದಿನ ವಶದಲ್ಲಿ ಇಟ್ಟುಕೊಳ್ಳಬಹುದು, ಪ್ರಾಸಿಕ್ಯೂಷನ್ ಅದನ್ನು ಒಟ್ಟು 40 ದಿನದವರೆಗೆ ಮುಂದುವರಿಸಬಹುದು, ಮೇಲಿನವರ ಒಪ್ಪಿಗೆ ಇದ್ದರೆ ಒಟ್ಟು ಆರು ತಿಂಗಳು. ಅಷ್ಟರೊಳಗೆ ಕೋರ್ಟಿಗೆ ಕಳಿಸಬೇಕು ಅಥವಾ ಬಿಡಬೇಕು. ಹನ್ನೆರಡು ದಿನ ಸುದ್ದಿ ಇಲ್ಲ ಎಂದರೆ ಕೆಟ್ಟದ್ದೇ ಆಗಿದೆ ಎಂದು ಈಗಲೇ ಎದೆಗೆಡಬೇಡಿ.

ಒಂದು ದಿನ ಅಪರಿಚಿತ ನಂಬರಿನಿಂದ ಫೋನ್ ಬರುತ್ತದೆ. ಜೈಲಿನ ಕರೆಗಳು ಚಿಕ್ಕವು. ಆಚೆಯಿಂದ ತಮ್ಮನ ದನಿ ಕೇಳಿದ ಕೂಡಲೇ ಇಬ್ಬರೂ ಅತ್ತು ಒಂದು ನಿಮಿಷ ಹೋಗುತ್ತದೆ, ‘ಊಟ ಆಯ್ತಾ’ ಎನ್ನುವಷ್ಟರಲ್ಲಿ ಕಟ್. ಅದಕ್ಕೆ ಫೋನಿನ ಪಕ್ಕ ಒಂದು ಚೀಟಿ ಬರೆದಿಡಿ: ಯಾವ ಊರಿನ ಯಾವ ಜೈಲು ಅಥವಾ ಠಾಣೆ, ಕೇಸು ನಂಬರು, ಯಾವ ಆರೋಪ, ಅರಬಿ ಕಾಗದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಿದ್ದೀಯಾ, ಮುಂದಿನ ತಾರೀಖು ಯಾವಾಗ. ನೀವು ಹೇಳಬೇಕಾದ್ದು ಎರಡೇ ಮಾತು. ಭಾರತೀಯ ಎಂಬೆಸಿಗೆ ತಿಳಿಸಿ ಎಂದು ಕೇಳು, ದುಭಾಷಿ ಇಲ್ಲದೆ ಇನ್ನು ಯಾವುದಕ್ಕೂ ಸಹಿ ಹಾಕಬೇಡ. ನಡೆದದ್ದೇನು ಎಂಬ ಪೂರ್ತಿ ಕಥೆಯನ್ನು ಆ ಫೋನಿನಲ್ಲಿ ಕೇಳಬೇಡಿ. ಅದು ಖಾಸಗಿ ಕರೆ ಎಂಬ ಭರವಸೆ ಯಾರೂ ಕೊಟ್ಟಿಲ್ಲ.

ಅಪಘಾತವೇ ಆಗಿದ್ದರೆ ಲೆಕ್ಕ ಹೀಗೆ. ಮುರೂರಿನವರು ತಪ್ಪು ಯಾರದ್ದು ಎಂದು ಶೇಕಡಾವಾರು ಬರೆಯುತ್ತಾರೆ: 100, 75, 50, 25. ಆ ವರದಿಯ ಪ್ರತಿಯೇ ಇಡೀ ಕೇಸಿನ ಬೇರು. ಅಪಘಾತದಲ್ಲಿ ಯಾರಾದರೂ ತೀರಿಕೊಂಡಿದ್ದರೆ ದಿಯಾ, ಅಂದರೆ ಪ್ರಾಣಹಾನಿಯ ಪರಿಹಾರ. 2011ರಿಂದ ಮುಸ್ಲಿಂ ಪುರುಷನ ಆಕಸ್ಮಿಕ ಸಾವಿಗೆ 3 ಲಕ್ಷ ರಿಯಾಲ್ ಎಂದು ನಿಗದಿಯಾಗಿದೆ, ತಪ್ಪಿನ ಪಾಲಿಗೆ ತಕ್ಕಂತೆ ಚಾಲಕನ ಹೊಣೆ. ಟ್ಯಾಂಕರಿನ ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದು, ನಿಮ್ಮ ತಮ್ಮನ ಬಳಿ ಆ ವಾಹನಕ್ಕೆ ಸರಿಯಾದ ಸೌದಿ ಲೈಸೆನ್ಸ್ ಇದ್ದರೆ ಈ ಹಣ ವಿಮಾ ಕಂಪನಿಯಿಂದ ಹೋಗಬೇಕು. ಇಲ್ಲೇ ಕಂಪನಿಗಳು ಕೈ ತೊಳೆದುಕೊಳ್ಳುವುದು. ಪಾಲಿಸಿ ನವೀಕರಿಸಿರುವುದಿಲ್ಲ, ಅಥವಾ ಲಘು ವಾಹನದ ಲೈಸೆನ್ಸಿನವನ ಕೈಗೆ ಭಾರಿ ವಾಹನ ಕೊಟ್ಟಿರುತ್ತಾರೆ, ಕೊನೆಗೆ ಚಾಲಕನನ್ನು ಬಿಟ್ಟು ಮಾಯ. ಆದ್ದರಿಂದ ರೂಮಿನವರಿಗೆ ಇವತ್ತೇ ಹೇಳಿ: ಟ್ಯಾಂಕರಿನ ನಂಬರ್ ಪ್ಲೇಟಿನ ಫೋಟೋ, ಪಾಲಿಸಿಯ ಪ್ರತಿ, ಆ ದಿನ ಟ್ರಿಪ್ಪಿಗೆ ಕಳಿಸಿದ ಮೆಸೇಜು, ಮೂರನ್ನೂ ತೆಗೆದಿಡಲಿ. ಒಂದು ತಿಂಗಳು ಬಿಟ್ಟು ಕೇಳಿದರೆ ಗಾಡಿಯೇ ಬೇರೆ ಸೈಟಿಗೆ ಹೋಗಿರುತ್ತದೆ.

ಸೌದಿ ಕೋರ್ಟಿನಲ್ಲಿ ಹಕ್ಕ್ ಖಾಸ್, ಹಕ್ಕ್ ಆಮ್ ಎಂಬ ಎರಡು ಮಾತು ಕಿವಿಗೆ ಬೀಳುತ್ತವೆ. ಮೊದಲನೆಯದು ನೊಂದವರ ಖಾಸಗಿ ಹಕ್ಕು, ಎರಡನೆಯದು ಸರ್ಕಾರದ್ದು. ಮೃತರ ಮನೆಯವರು ಕ್ಷಮಿಸಿದರೆ ಅಥವಾ ಹಣ ಪಡೆದರೆ ಖಾಸಗಿ ಹಕ್ಕು ಮುಗಿಯುತ್ತದೆ, ಸರ್ಕಾರಿ ಹಕ್ಕಿನ ಶಿಕ್ಷೆ ಉಳಿದಿರಬಹುದು. ‘ದುಡ್ಡು ಕಟ್ಟಿದರೂ ಬಿಡಲಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಹುರೂಬ್ ಆಗಿದ್ದರೆ ದಾರಿ ಬೇರೆ. ಅದು ಕಳವಿನಂಥ ಅಪರಾಧವಲ್ಲ, ಆದರೆ ಒಮ್ಮೆ ಬಿದ್ದರೆ ಇಕಾಮಾ ನವೀಕರಣವಾಗುವುದಿಲ್ಲ, ಕೊನೆಗೆ ಗಡಿಪಾರು, ಮತ್ತೆ ಕೆಲಸಕ್ಕೆ ಆ ದೇಶಕ್ಕೆ ಹೋಗುವ ದಾರಿ ಮುಚ್ಚುತ್ತದೆ. ಸಂಬಳ ಕೇಳಿದ್ದಕ್ಕೆ ಸುಳ್ಳು ಹುರೂಬ್ ಹಾಕುವ ಕಫೀಲರಿದ್ದಾರೆ. ಆಗ ಕೆಲಸಕ್ಕೆ ಹಾಜರಿದ್ದುದಕ್ಕೆ ಪುರಾವೆ ಬೇಕು: ಪಂಚಿಂಗ್, ಟ್ರಿಪ್ ಶೀಟು, ಸಂಬಳ ಜಮೆಯಾದ ಬ್ಯಾಂಕ್ ಮೆಸೇಜು. ಬಾಕಿ ಸಂಬಳದ ದೂರು ಕೆಲಸದ ಸಂಬಂಧ ಮುಗಿದ 12 ತಿಂಗಳೊಳಗೆ ಕಾರ್ಮಿಕ ಇಲಾಖೆಯ ರಾಜಿ ವಿಭಾಗಕ್ಕೆ ಹೋಗಬೇಕು, ಅಲ್ಲಿ 21 ಕೆಲಸದ ದಿನಗಳಲ್ಲಿ ತೀರ್ಮಾನವಾಗದಿದ್ದರೆ ಕಾರ್ಮಿಕ ನ್ಯಾಯಾಲಯ.

ಮೂರನೆಯದು ಮೊಬೈಲ್ ಪೋಸ್ಟಿನ ಕೇಸು. ನೀವು ಅದನ್ನು ಹೇಳಿಲ್ಲ, ಆದರೂ ನಮ್ಮ ಜಿಲ್ಲೆಯ ಒಂದು ಪ್ರಕರಣ ನೆನಪಿಸುವುದು ಒಳ್ಳೆಯದು. ಕುಂದಾಪುರ ಕಡೆಯ ಎ.ಸಿ. ತಂತ್ರಜ್ಞರೊಬ್ಬರು 2019ರ ಡಿಸೆಂಬರಿನಲ್ಲಿ ದಮ್ಮಾಮಿನಲ್ಲಿ ಬಂಧಿತರಾದರು. ಅವರ ಹೆಸರಿನಲ್ಲಿ ಯಾರೋ ನಕಲಿ ಫೇಸ್‌ಬುಕ್ ಖಾತೆ ತೆರೆದು ಬರೆದಿದ್ದರು. ಪತ್ನಿ ಉಡುಪಿಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ದೂರು ಕೊಟ್ಟರು. ಪೊಲೀಸರು ಖಾತೆಯ ಮೂಲ ಹುಡುಕಿ 2020ರಲ್ಲಿ ಇಬ್ಬರನ್ನು ಹಿಡಿದರು, ಆ ತನಿಖೆಯ ಕಾಗದ ಸೌದಿಗೆ ತಲುಪಿತು, 2021ರ ಆಗಸ್ಟಿನಲ್ಲಿ ಅವರು ಊರಿಗೆ ಬಂದರು. ಅವರನ್ನು ತಂದದ್ದು ಇಲ್ಲಿನ ಠಾಣೆಯಲ್ಲಿ ದಾಖಲಾದ ಒಂದು ದೂರು ಮತ್ತು ಅದರ ಬೆನ್ನು ಹತ್ತಿದ ತನಿಖೆ. ಅಂಥ ಕೇಸಾದರೆ ಮದದ್ ದೂರಿನ ಜೊತೆಗೇ ಸೆನ್ ಠಾಣೆಗೂ ಹೋಗಿ. ಲಿಂಕು, ಸ್ಕ್ರೀನ್‌ಶಾಟ್, ದಿನಾಂಕ ಹಿಡಿದುಕೊಂಡೇ ಹೋಗಿ.

ವಕೀಲರ ವಿಷಯಕ್ಕೆ ಬಂದರೆ, ಉಡುಪಿಯ ವಕೀಲರು ಸೌದಿ ಕೋರ್ಟಿನಲ್ಲಿ ನಿಲ್ಲಲಾರರು. ಅಲ್ಲಿನ ಲೈಸೆನ್ಸ್ ಇರುವವರೇ ಬೇಕು, ಅವರಿಗೆ ನಿಮ್ಮ ತಮ್ಮನೇ ವಕಾಲಾ, ಅಂದರೆ ಅಧಿಕಾರಪತ್ರ, ಕೊಡಬೇಕು. ವಕೀಲರ ಪಟ್ಟಿಯನ್ನು ರಾಯಭಾರ ಕಚೇರಿಯಿಂದ ಕೇಳಿ ಪಡೆಯಿರಿ. ಶುಲ್ಕವನ್ನು ಒಮ್ಮೆಲೇ ಕೊಡದೆ ಹಂತಕ್ಕೆ ಇಷ್ಟೆಂದು ಬರಹದಲ್ಲಿ ಮಾತಾಡಿ: ಕಡತ ನೋಡಿ ವರದಿ ಕೊಡಲು ಇಷ್ಟು, ವಿಚಾರಣೆಗೆ ಇಷ್ಟು, ಮೇಲ್ಮನವಿಗೆ ಇಷ್ಟು. ತೀರ್ಪಿನ ಪ್ರತಿ ಕೈಗೆ ಬಂದ ದಿನದಿಂದ ಮೇಲ್ಮನವಿಗೆ 30 ದಿನ. ಅರಬಿ ಓದಲು ಬಾರದೆ ಆ ಕಾಗದವನ್ನು ಹಾಸಿಗೆಯಡಿ ಇಟ್ಟು ಗಡು ಕಳೆದುಕೊಳ್ಳುವ ಕೈದಿಗಳಿದ್ದಾರೆ. ಇಲ್ಲಿಂದ ‘ಪವರ್ ಆಫ್ ಅಟಾರ್ನಿ ಕಳಿಸಿ’ ಎಂದು ಯಾರಾದರೂ ಹೇಳಿದರೆ ಯಾವ ಕೆಲಸಕ್ಕೆ ಎಂದು ಮೊದಲು ಕೇಳಿ. ನಿಜಕ್ಕೂ ಬೇಕಾದರೆ ನೋಟರಿ, ರಾಜ್ಯ ಗೃಹ ಇಲಾಖೆ, ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಎನ್ನುವ ದೃಢೀಕರಣ ಮುದ್ರೆ, ಆ ಕ್ರಮ. 2022ರ ಡಿಸೆಂಬರಿನಿಂದ ಸೌದಿ ಅಪೊಸ್ಟಿಲ್ ಒಪ್ಪುತ್ತದೆ, ರಾಯಭಾರ ಕಚೇರಿಯ ಮೊಹರು ಬೇಡ. ದುಬೈ, ಕುವೈತ್, ಕತಾರ್‌ಗೆ ಆ ಅನುಕೂಲ ಇಲ್ಲ.

ಹಾಗಾದರೆ ಉಡುಪಿಯ ವಕೀಲರಿಂದ ಏನೂ ಆಗದೇ? ಆಗುತ್ತದೆ. ಕೇಂದ್ರ ಸರ್ಕಾರ ಸುಮ್ಮನಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕಬಹುದು. ಬಂಧಿತನನ್ನು ಕೋರ್ಟಿಗೆ ಹಾಜರುಪಡಿಸಿ ಎನ್ನುವ ಹೇಬಿಯಸ್ ಕಾರ್ಪಸ್ ಸೌದಿ ಜೈಲಿಗೆ ನಡೆಯುವುದಿಲ್ಲ. ಕೇಳಬೇಕಾದ್ದು ‘ವಿದೇಶಾಂಗ ಸಚಿವಾಲಯ ತನ್ನ ಕರ್ತವ್ಯ ಮಾಡಲಿ’ ಎಂಬ ಆದೇಶ. ನಕಲಿ ಫೇಸ್‌ಬುಕ್ ಖಾತೆಯ ಪೋಸ್ಟಿನಿಂದಲೇ ಸೌದಿಯಲ್ಲಿ ಶಿಕ್ಷೆಗೊಳಗಾದ ಮಂಗಳೂರಿನವರೊಬ್ಬರ ಪತ್ನಿಯ ಅರ್ಜಿಯಲ್ಲಿ 2023ರಲ್ಲಿ ಹೈಕೋರ್ಟ್ ಪೊಲೀಸರನ್ನೂ ಫೇಸ್‌ಬುಕ್ಕನ್ನೂ ತರಾಟೆಗೆ ತೆಗೆದುಕೊಂಡು, ಕೇಂದ್ರ ಏನು ಮಾಡಿದೆ ಎಂದೂ ಕೇಳಿತ್ತು. ಪೀಠ ಮಾತ್ರ ಬೆಂಗಳೂರಿನಲ್ಲೇ. ಮಂಗಳೂರಿಗೆ ಪೀಠ ಬೇಕೆಂಬ ಕೂಗು ಎಷ್ಟು ಹಳೆಯದೆಂದು ನಿಮಗೆ ಗೊತ್ತೇ ಉಂಟು. ವೆಚ್ಚದ ಚಿಂತೆ ಇದ್ದರೆ ಉಡುಪಿ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಗೆ ಆದಾಯ ಎಷ್ಟೇ ಇರಲಿ ಉಚಿತ ನೆರವಿದೆ, ಆದ್ದರಿಂದ ಅರ್ಜಿದಾರರು ನೀವೇ ಆಗಿ, ಭಾವನ ಹೆಸರು ಬೇಡ. ಸಹಾಯವಾಣಿ 15100. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನಕ್ಕೆ ಇಂಥ ಗಲ್ಫ್ ಪ್ರಕರಣಗಳ ಅನುಭವ ಇದೆ. ಸೌದಿಯಲ್ಲೇ ಓಡಾಡಲು ಕರ್ನಾಟಕ, ಕೇರಳದ ಅನಿವಾಸಿಗಳ ಸಂಘಟನೆಗಳಾದ ಕೆ.ಸಿ.ಎಫ್., ಕೆ.ಎಂ.ಸಿ.ಸಿ. ಸ್ವಯಂಸೇವಕರು ಜಾತಿ ಧರ್ಮ ಕೇಳದೆ ಬರುತ್ತಾರೆ. ಅವರು ಜೈಲಿನ ಬಾಗಿಲಲ್ಲಿ ನಿಂತು ಒಂದು ದಿನದಲ್ಲಿ ತರುವ ಸುದ್ದಿ ಪತ್ರವ್ಯವಹಾರದಲ್ಲಿ ಬರಲು ತಿಂಗಳು ಬೇಕಾಗುತ್ತದೆ.

ಹಣದ ಎರಡು ಮೂಲ ಜನ ಮರೆಯುತ್ತಾರೆ. ತಮ್ಮ ಎಸ್ಸೆಸ್ಸೆಲ್ಸಿ ಪಾಸಾಗದೆ ಇಸಿಆರ್ (ಹೊರದೇಶದ ಕೆಲಸಕ್ಕೆ ಸರ್ಕಾರದ ಅನುಮತಿ ಬೇಕಾದ) ಪಾಸ್‌ಪೋರ್ಟಿನಲ್ಲಿ ಹೋಗಿದ್ದರೆ ಪ್ರವಾಸಿ ಭಾರತೀಯ ಬೀಮಾ ಯೋಜನೆ ಕಡ್ಡಾಯವಾಗಿ ಮಾಡಿಸಿರುತ್ತಾರೆ. ಉದ್ಯೋಗಕ್ಕೆ ಸಂಬಂಧಿಸಿದ ಕೇಸಿಗೆ ಅದರಲ್ಲಿ 45,000 ರೂಪಾಯಿವರೆಗೆ ಕಾನೂನು ವೆಚ್ಚ ಸಿಗುತ್ತದೆ. ಪಾಲಿಸಿ ಎರಡು ಅಥವಾ ಮೂರು ವರ್ಷದ್ದು. ಆರು ವರ್ಷವಾದ್ದರಿಂದ ನವೀಕರಿಸಿದ್ದಾನೋ ನೋಡಿ. ಇನ್ನೊಂದು, ರಾಯಭಾರ ಕಚೇರಿಯಲ್ಲಿರುವ ಭಾರತೀಯ ಸಮುದಾಯ ಕಲ್ಯಾಣ ನಿಧಿ. ನಿಜವಾಗಿ ಗತಿಯಿಲ್ಲದವರಿಗೆ ಆರಂಭಿಕ ಕಾನೂನು ನೆರವು, ಸಣ್ಣ ದಂಡ, ವಿಮಾನದ ಟಿಕೆಟ್ ಅದರಿಂದ ಕೊಡಬಹುದು. ಕೇಳದೆ ಕೊಡುವುದಿಲ್ಲ, ಮದದ್ ದೂರಿನಲ್ಲೇ ಒಂದು ಸಾಲು ಸೇರಿಸಿ.

ಏಜೆಂಟನಿಗೆ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿ ಲೈಸೆನ್ಸ್ ಇದೆಯಾ ನೋಡಿ. ಇಲ್ಲದಿದ್ದರೆ ಹಣ ಕೇಳಿದ ವಾಯ್ಸ್ ಮೆಸೇಜುಗಳನ್ನು ಅಳಿಸಬೇಡಿ. ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ (ವಲಸೆ ಹೋಗುವವರ ರಕ್ಷಣಾಧಿಕಾರಿ) ಕಚೇರಿಗೂ ಸ್ಥಳೀಯ ಠಾಣೆಗೂ ಅವೇ ಸಾಕ್ಷಿ. ‘ಎಂಬೆಸಿಯಿಂದ ಮಾತಾಡ್ತಿದ್ದೇವೆ, ದಂಡ ಕಟ್ಟಿ’ ಎಂದು ಖಾತೆ ನಂಬರು ಕೊಡುವವರೂ ಬರಬಹುದು. ರಾಯಭಾರ ಕಚೇರಿ ಹಾಗೆ ಫೋನಿನಲ್ಲಿ ಹಣ ಕೇಳುವುದಿಲ್ಲ.

ಫೇಸ್‌ಬುಕ್ ಸದ್ಯ ಬೇಡ. ಆರೋಪ ಏನೆಂದು ತಿಳಿಯುವ ಮೊದಲು ಬರೆದದ್ದು ತಿರುಗುಬಾಣವಾದೀತು. ನಿಮ್ಮ ಪೋಸ್ಟಿನ ಕೆಳಗೆ ಊರವರು ಆ ದೇಶದ ದೊರೆಗಳನ್ನು ಬೈದು ಹಾಕುವ ಕಾಮೆಂಟುಗಳು ಅದಕ್ಕಿಂತ ಅಪಾಯ. ನಿಮ್ಮ ಹಳೇ ಗ್ರೂಪುಗಳಲ್ಲೂ ತಮ್ಮನ ಫೋಟೋ ಹಾಕಿ ‘ಶೇರ್ ಮಾಡಿ’ ಎಂದು ಯಾರಾದರೂ ಹೊರಟಿದ್ದರೆ ನಿಲ್ಲಿಸಿ.

ಬಿಡುಗಡೆಯ ಹೊತ್ತಿನಲ್ಲಿ ಇನ್ನೊಂದು ಗಂಟು ಇದೆ. ಪಾಸ್‌ಪೋರ್ಟ್ ಕಫೀಲನ ಬಳಿ ಉಳಿದಿದ್ದರೆ ಅಥವಾ ಕಳೆದಿದ್ದರೆ ರಾಯಭಾರ ಕಚೇರಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ, ಒಂದು ಬಾರಿ ಊರಿಗೆ ಬರಲು ಅಷ್ಟೇ. ಪಾಸ್‌ಪೋರ್ಟಿನ ಪ್ರತಿಯಾದರೂ ಇದ್ದರೆ ಬೇಗ ಆಗುತ್ತದೆ. ಏನೂ ಇಲ್ಲದಿದ್ದರೆ ಆತ ಭಾರತೀಯನೇ ಎಂಬ ಪರಿಶೀಲನೆ ನಿಮ್ಮ ಠಾಣೆಗೆ ಬರುತ್ತದೆ. ಬೀಟ್ ಪೊಲೀಸರು ಮನೆಗೆ ಬಂದಾಗ ಬೀಗ ಹಾಕಿದ್ದರೆ, ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇದ್ದರೆ, ವರದಿ ಅಲ್ಲೇ ಕೂರುತ್ತದೆ, ಆತ ತರ್ಹೀಲಿನಲ್ಲಿ ಕೂರುತ್ತಾನೆ. ಆಧಾರ್, ರೇಷನ್ ಕಾರ್ಡು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಟಿ.ಸಿ., ಹಳೇ ಪಾಸ್‌ಪೋರ್ಟಿನ ಜೆರಾಕ್ಸ್ ಒಂದೇ ಲಕೋಟೆಯಲ್ಲಿ ಹಾಕಿ ದೇವರ ಕೋಣೆಯಲ್ಲೋ ಕಪಾಟಿನಲ್ಲೋ ಇಡಿ, ಎಲ್ಲಿದೆ ಎಂದು ಮನೆಯಲ್ಲಿ ಇರುವವರಿಗೆ ತಿಳಿದಿರಲಿ. ನೀವು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಆ ಪೊಲೀಸರಿಗೆ ಬಾಗಿಲು ತೆಗೆಯುವವರು ತಾಯಿಯೇ. ‘ನಿಮ್ಮ ಮಗ ಸೌದಿಯಲ್ಲಿ ಜೈಲಿನಲ್ಲಿದ್ದಾನಂತೆ’ ಎಂದು ಅವರ ಬಾಯಿಂದ ಕೇಳುವ ಮೊದಲು, ಈ ವಾರದಲ್ಲೇ, ನೀವೇ ಹೇಳಿಬಿಡಿ.